ಹುಕಪ್ ಇಲ್ಲದ ಕಾಡು, ಪ್ಲಗ್ ಬೇಕಾದ ಅಮ್ಮ: ಒಕಾಲಾದಲ್ಲಿ ನಾಲ್ಕು ರಾತ್ರಿಯ ಆರ್‌ವಿ ಪ್ಲಾನ್

ಫ್ಲೋರಿಡಾ ಅಂದರೆ ಬೀಚು, ಇಲ್ಲಾ ಒರ್ಲ್ಯಾಂಡೊದ ಥೀಮ್ ಪಾರ್ಕು. ಈ ಮನೆಯವರಿಗೆ ಎರಡೂ ಬೇಡವಾಗಿತ್ತು. ನ್ಯೂಜೆರ್ಸಿಯಲ್ಲಿರುವ ನನ್ನ ಸ್ನೇಹಿತ, ಅವನ ಹೆಂಡತಿ, ಇಬ್ಬರು ಮಕ್ಕಳು, ಮತ್ತು ಡಿಸೆಂಬರ್‌ನಲ್ಲಿ ಬರಲಿದ್ದ ಅವನ ಅಮ್ಮ, ಒಟ್ಟು ಐದು ಜನ. ಫೆಬ್ರುವರಿ ಮಧ್ಯದ ಶಾಲಾ ರಜೆಯಲ್ಲಿ ಒಳನಾಡಿನ ಯಾವುದಾದರೂ ಕಾಡಿಗೆ ಹೋಗಿ, ಆರ್‌ವಿ (ಒಳಗೇ ಮಲಗಿ, ಅಡುಗೆ ಮಾಡಿಕೊಳ್ಳಬಹುದಾದ ಮನೆಯಂಥ ಗಾಡಿ) ನಿಲ್ಲಿಸಿಕೊಂಡು, ನಾಲ್ಕು ರಾತ್ರಿ ಸುಮ್ನೆ ಇದ್ದು ಬರಬೇಕು ಅಂತ ಅವರ ಆಸೆ. ನಾನು ಇಂಥ ಪ್ಲಾನ್ ಮಾಡಿಕೊಡುತ್ತಿರುತ್ತೇನೆ, ಹಾಗಾಗಿ ಫೋನ್ ಬಂತು.

ಅವನು ಕೇಳಿದ್ದು ‘ಯಾವ ಜಾಗ ಚೆನ್ನಾಗಿದೆ?’ ಅಂತ. ನಾನು ತಿರುಗಿ ಕೇಳಿದ್ದು ‘ಅಮ್ಮ ರಾತ್ರಿ ಸಿಪ್ಯಾಪ್ ಹಾಕ್ಕೊಂಡು ಮಲಗ್ತಾರೆ ಅಲ್ವಾ?’ ಅಂತ.

ಸಿಪ್ಯಾಪ್ ಗೊತ್ತಿಲ್ಲದವರಿಗೆ: ನಿದ್ದೆಯಲ್ಲಿ ಉಸಿರಾಟ ಪದೇ ಪದೇ ನಿಲ್ಲುವ ಸ್ಲೀಪ್ ಆಪ್ನಿಯಾ ಇದ್ದವರು ಮುಖಕ್ಕೆ ಮಾಸ್ಕ್ ಹಾಕಿಕೊಂಡು ಮಲಗುತ್ತಾರಲ್ಲ, ಆ ಯಂತ್ರ. ರಾತ್ರಿಯಿಡೀ ಗಾಳಿಯನ್ನು ಒತ್ತಡದಲ್ಲಿ ದೂಡುತ್ತಾ ಗಂಟಲು ಮುಚ್ಚಿಕೊಳ್ಳದ ಹಾಗೆ ನೋಡಿಕೊಳ್ಳುತ್ತದೆ. ಅದಕ್ಕೆ ಕರೆಂಟು ಬೇಕು, ಅದೂ ಎಂಟು ತಾಸು, ಮಧ್ಯೆ ನಿಲ್ಲದ ಹಾಗೆ. ಪ್ರಶಾಂತವಾದ ಕ್ಯಾಂಪುಗಳಲ್ಲಿ ಸಾಮಾನ್ಯವಾಗಿ ಇಲ್ಲದೇ ಇರುವುದು ಅದೇ ಕರೆಂಟು. ಈ ಪ್ರಕರಣವನ್ನು ಇಷ್ಟು ಉದ್ದ ಬರೆಯಲು ಕಾರಣವೂ ಅದೇ. ಯಾವ ತಿಂಗಳು, ಯಾವ ಕ್ಯಾಂಪು, ಯಾವುದು ಮೊದಲು, ಯಾರು ಎಲ್ಲಿ ಮಲಗಬೇಕು, ಎಲ್ಲವನ್ನೂ ಕೊನೆಗೆ ತೀರ್ಮಾನಿಸಿದ್ದು ಆ ಒಂದು ಯಂತ್ರ.

ಜಾಗ

ಆಯ್ಕೆ ಮಾಡಿದ್ದು ಒಕಾಲಾ ನ್ಯಾಷನಲ್ ಫಾರೆಸ್ಟ್. ಉತ್ತರ-ಮಧ್ಯ ಫ್ಲೋರಿಡಾದಲ್ಲಿ, ಆಕ್ಲವಾಹಾ ಮತ್ತು ಸೇಂಟ್ ಜಾನ್ಸ್ ನದಿಗಳ ನಡುವೆ ಇದೆ. 1908ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಘೋಷಿಸಿದ್ದು, ಮಿಸಿಸಿಪ್ಪಿ ನದಿಯ ಪೂರ್ವಕ್ಕೆ ಇರುವ ನ್ಯಾಷನಲ್ ಫಾರೆಸ್ಟ್‌ಗಳಲ್ಲಿ ಇದೇ ಹಳೆಯದು. ನೆಲ ಪೂರಾ ಮರಳು. ಮರಳಿನ ಮೇಲೆ ಸ್ಯಾಂಡ್ ಪೈನ್ ಕುರುಚಲು ಕಾಡು, ಅಲ್ಲಲ್ಲಿ ಉದ್ದೆಲೆಯ ಪೈನ್ ಮರಗಳ ಗುಡ್ಡೆಗಳು. ಫ್ಲೋರಿಡಾ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಸ್ಕ್ರಬ್ ಜೇ ಅನ್ನೋ ನೀಲಿ ಹಕ್ಕಿ ಈ ಕುರುಚಲಿನಲ್ಲೇ ಬದುಕುತ್ತದೆ. ಮರಳಿನ ಕೆಳಗೆ ಸುಣ್ಣಕಲ್ಲು. ಮಳೆ ನೀರು ಇಳಿದು, ಸೋಸಿ, ಸುಣ್ಣಕಲ್ಲಿನ ಪೊಟರೆಗಳಿಂದ ಬುಗ್ಗೆಯಾಗಿ ಮೇಲೆ ಬರುತ್ತದೆ. ಜೂನಿಪರ್, ಅಲೆಕ್ಸಾಂಡರ್, ಸಾಲ್ಟ್, ಸಿಲ್ವರ್ ಗ್ಲೆನ್ ಇವೆಲ್ಲ ಅಂಥ ಬುಗ್ಗೆಗಳು. ವರ್ಷವಿಡೀ ನೀರು 22–23 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಫೆಬ್ರುವರಿಯಲ್ಲಿ ಗಾಳಿ ತಣ್ಣಗಿದ್ದರೂ ಮಕ್ಕಳು ಇಳಿದುಬಿಡುತ್ತಾರೆ, ದೊಡ್ಡವರು ದಡದಲ್ಲಿ ನಿಂತು ಯೋಚನೆ ಮಾಡುತ್ತಾರೆ.

ಈಗ ಕ್ಯಾಂಪುಗಳ ವಿಷಯ. ಸಾಲ್ಟ್ ಸ್ಪ್ರಿಂಗ್ಸ್‌ನಲ್ಲಿ ಫುಲ್ ಹುಕಪ್ ಇರುವ ಭಾಗ ಇದೆ. ಕರೆಂಟು, ನೀರು, ಕೊಳಚೆ ಪೈಪು ಮೂರೂ ನಿಮ್ಮ ಜಾಗಕ್ಕೇ ಬರುತ್ತದೆ. ಜೂನಿಪರ್ ಸ್ಪ್ರಿಂಗ್ಸ್ ಮತ್ತು ಅಲೆಕ್ಸಾಂಡರ್ ಸ್ಪ್ರಿಂಗ್ಸ್‌ನಲ್ಲಿ ಆ ಮೂರೂ ಇಲ್ಲ. ಬಿಸಿನೀರಿನ ಸ್ನಾನದ ಮನೆ, ಅಲ್ಲಲ್ಲಿ ನಲ್ಲಿ, ಗಾಡಿಯ ಕೊಳಚೆ ಟ್ಯಾಂಕು ಖಾಲಿ ಮಾಡುವ ಒಂದು ಡಂಪ್ ಸ್ಟೇಷನ್ ಇದೆ, ಅಷ್ಟೆ. ಕಾಡಿನ ಪಶ್ಚಿಮದ ಅಂಚಿನಲ್ಲಿ ಸಿಲ್ವರ್ ಸ್ಪ್ರಿಂಗ್ಸ್ ಸ್ಟೇಟ್ ಪಾರ್ಕ್ ಇದೆ, ಅಲ್ಲಿ ಕರೆಂಟು ನೀರು ಎರಡೂ ಸಿಗುತ್ತದೆ, ಆದರೆ ಅದು ಊರಿಗೆ ತೀರಾ ಹತ್ತಿರ.

ಸ್ನೇಹಿತನಿಗೆ ಬೇಕಾಗಿದ್ದು ಜೂನಿಪರ್. ಫೋಟೋ ನೋಡಿದರೆ ಯಾರಿಗಾದರೂ ಅದೇ ಬೇಕು ಅನ್ನಿಸುತ್ತದೆ. ತಾಳೆ ಮರ, ಓಕ್ ಮರಗಳ ಚಪ್ಪರದ ಕೆಳಗೆ ಕ್ಯಾಂಪು, ನಡೆದುಹೋದರೆ ಬುಗ್ಗೆ, ಬುಗ್ಗೆಯ ಪಕ್ಕದಲ್ಲಿ 1930ರ ದಶಕದಲ್ಲಿ, ನಿರುದ್ಯೋಗಿ ಯುವಕರಿಗೆ ಕೆಲಸ ಕೊಡಲು ಸರ್ಕಾರ ನಡೆಸಿದ ಸಿವಿಲಿಯನ್ ಕನ್ಸರ್ವೇಷನ್ ಕೋರ್‌ನ ಹುಡುಗರು ಕಟ್ಟಿದ ಕಲ್ಲಿನ ಮಿಲ್ ಹೌಸ್. ಅದರ ನೀರಿನ ಚಕ್ರ ಒಂದು ಕಾಲಕ್ಕೆ ಇಡೀ ಕ್ಯಾಂಪಿಗೆ ಕರೆಂಟು ಕೊಡುತ್ತಿತ್ತಂತೆ. ಈಗ ಆರ್‌ವಿ ಜಾಗಗಳಲ್ಲಿ ಚುಚ್ಚಿಕೊಳ್ಳೋಕೆ ಒಂದು ಪ್ಲಗ್ಗೂ ಇಲ್ಲ.

ಹೆಂಡತಿಗೆ ಬೇಕಾಗಿದ್ದು ಸಾಲ್ಟ್ ಸ್ಪ್ರಿಂಗ್ಸ್, ನಾಲ್ಕೂ ರಾತ್ರಿ. ಅಮ್ಮ ವಿಡಿಯೊ ಕಾಲಿನಲ್ಲಿ ಇದನ್ನೆಲ್ಲ ಕೇಳಿಸಿಕೊಂಡು ‘ನನ್ನ ದೆಸೆಯಿಂದ ನೀವ್ಯಾಕೆ ಆಸೆ ಬಿಡ್ತೀರಿ, ಎರಡು ರಾತ್ರಿ ಮಷಿನ್ ಇಲ್ಲದೆ ಮಲಗಿದರೆ ಏನೂ ಆಗಲ್ಲ’ ಅಂದರು. ‘ಅತ್ತೆ, ಅದೊಂದು ಮಾತು ಬಿಟ್ಟು ಬೇರೆ ಏನಾದ್ರೂ ಹೇಳಿ’ ಅಂದಳು ಸೊಸೆ. ಅವಳು ಹೇಳಿದ್ದೇ ಸರಿ. ಹಿರಿಯರು ಮಕ್ಕಳ ಸಂತೋಷಕ್ಕೆ ಅಂತ ತಮ್ಮ ಔಷಧಿ, ಯಂತ್ರ, ಪಥ್ಯ ಎಲ್ಲಾ ಬಿಟ್ಟುಕೊಡೋಕೆ ತಯಾರಿರುತ್ತಾರೆ. ಅದನ್ನು ಪ್ಲಾನಿನೊಳಗೆ ಸೇರಿಸಿಕೊಳ್ಳಲೇಬಾರದು.

ಕರೆಂಟಿನ ಲೆಕ್ಕ

ಅಮ್ಮ ಬಂದ ಮೇಲೆ ಡಿಸೆಂಬರ್‌ನಲ್ಲಿ ಸ್ನೇಹಿತ ಒಂದು ಪ್ಲಗ್ ಮೀಟರ್ ಹಾಕಿ ಯಂತ್ರ ಎಷ್ಟು ಎಳೆಯುತ್ತದೆ ಅಂತ ಅಳೆದ. ಗಾಳಿಗೆ ತೇವ ಕೊಡಲು ನೀರನ್ನು ಬಿಸಿ ಮಾಡುವ ಹ್ಯುಮಿಡಿಫೈಯರ್, ಬಿಸಿ ಟ್ಯೂಬು ಎರಡೂ ಆನ್ ಇದ್ದರೆ ಎಂಟು ತಾಸಿಗೆ ಸುಮಾರು 440 ವ್ಯಾಟ್-ಅವರ್ (ವ್ಯಾಟನ್ನು ತಾಸಿನಿಂದ ಗುಣಿಸಿದರೆ ಬರುವ ಬಳಕೆಯ ಲೆಕ್ಕ). ಎರಡನ್ನೂ ಆಫ್ ಮಾಡಿದರೆ 240. ಅಡಾಪ್ಟರಿನ ಮೇಲೆ 90 ವ್ಯಾಟ್ ಅಂತ ಬರೆದಿದೆ ಅಂತ ಅದನ್ನೇ ಎಂಟರಿಂದ ಗುಣಿಸಿ ಹೆದರಿಕೊಳ್ಳುವವರು ಇದ್ದಾರೆ. ಅದು ಅಡಾಪ್ಟರಿನ ಗರಿಷ್ಠ ಮಿತಿ, ಬಳಕೆ ಅಲ್ಲ. ಅಳೆದುಬಿಡಿ, ಒಂದೇ ರಾತ್ರಿಯ ಕೆಲಸ. ಡಾಕ್ಟರನ್ನು ಕೇಳಿ, ಹ್ಯುಮಿಡಿಫೈಯರ್ ಇಲ್ಲದೆ ಮನೆಯಲ್ಲೇ ಕೆಲವು ರಾತ್ರಿ ಮಲಗಿ ನೋಡಿದರು. ಹೀಟರ್ ಓಡುವ ನ್ಯೂಜೆರ್ಸಿಯ ಒಣ ಗಾಳಿಯಲ್ಲೇ ನಡೆಯಿತು ಅಂದಮೇಲೆ ಫ್ಲೋರಿಡಾದ ತೇವದ ಗಾಳಿಯಲ್ಲಿ ತೊಂದರೆ ಇಲ್ಲ.

240 ವ್ಯಾಟ್-ಅವರ್ ದೊಡ್ಡದೇನಲ್ಲ. ಬಾಡಿಗೆ ಆರ್‌ವಿಯಲ್ಲಿ ಇರುವ 12 ವೋಲ್ಟಿನ, 100 ಆಂಪ್-ಅವರ್ ಲೆಡ್ ಆಸಿಡ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1,200 ವ್ಯಾಟ್-ಅವರ್ ಇರುತ್ತದೆ. ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬ್ಯಾಟರಿ ಬೇಗ ಸಾಯುತ್ತದೆ, ಆದ್ದರಿಂದ ಕೈಗೆ ಸಿಗುವುದು 600. ಇನ್ವರ್ಟರಿನಲ್ಲಿ ಸ್ವಲ್ಪ ಸೋರಿಕೆ ಹಿಡಿದರೂ 240 ಆರಾಮವಾಗಿ ಕೂರುತ್ತದೆ. ‘ಮತ್ತೆ ಏನು ಪ್ರಾಬ್ಲಮ್?’ ಅಂದ ಸ್ನೇಹಿತ.

ಪ್ರಾಬ್ಲಮ್ ಚಳಿ. ಆರ್‌ವಿಯ ಫರ್ನೇಸ್ ಓಡುವುದು ಪ್ರೊಪೇನ್ ಗ್ಯಾಸಿನಲ್ಲಿ, ಹಾಗಾಗಿ ಕರೆಂಟು ಬೇಡ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಬಿಸಿ ಗಾಳಿಯನ್ನು ಒಳಗೆ ದೂಡುವ ಫ್ಯಾನು 12 ವೋಲ್ಟಿನದು, ಓಡುತ್ತಿರುವಾಗ ಏಳೆಂಟು ಆಂಪ್ ಎಳೆಯುತ್ತದೆ. ಒಕಾಲಾದಲ್ಲಿ ಫೆಬ್ರುವರಿ ರಾತ್ರಿ ಸಾಧಾರಣವಾಗಿ ಹತ್ತು ಡಿಗ್ರಿಯ ಕೆಳಗೇ ಇರುತ್ತದೆ, ಉತ್ತರದ ಗಾಳಿ ಬಂದರೆ ಸೊನ್ನೆಯ ಹತ್ತಿರಕ್ಕೂ ಇಳಿಯುತ್ತದೆ. ಅಂಥ ರಾತ್ರಿ ಹತ್ತು ತಾಸಿನಲ್ಲಿ ಅರ್ಧ ಹೊತ್ತು ಫರ್ನೇಸ್ ಓಡಿದರೂ 420 ವ್ಯಾಟ್-ಅವರ್ ಹೋಯಿತು. ಅದರ ಜೊತೆಗೆ ಫ್ರಿಜ್‌ನ ಕಂಟ್ರೋಲ್ ಬೋರ್ಡು, ನೀರಿನ ಪಂಪು, ಗ್ಯಾಸ್ ಸೋರಿಕೆ ಹಿಡಿಯುವ ಅಲಾರಂ, ಒಂದೆರಡು ದೀಪ. ಇವೆಲ್ಲ ಸೇರಿ ಇನ್ನೊಂದು 80. ಸಿಪ್ಯಾಪ್ ಇಲ್ಲದೆಯೇ 500 ಆಯಿತು, ಸಿಪ್ಯಾಪ್ ಸೇರಿದರೆ 740. ಮಿತಿ 600. ಬೆಳಗಿನ ಜಾವ ನಾಲ್ಕಕ್ಕೆ ಬ್ಯಾಟರಿ ಕೈ ಕೊಟ್ಟರೆ ಫರ್ನೇಸೂ ನಿಲ್ಲುತ್ತದೆ, ಅಮ್ಮನ ಯಂತ್ರವೂ ನಿಲ್ಲುತ್ತದೆ.

ರಾತ್ರಿ ಜನರೇಟರ್ ಹಾಕಿಕೊಂಡರೆ ಆಯಿತಲ್ಲ ಅಂದರೆ, ಆಗುವುದಿಲ್ಲ. ಇಂಥ ಕ್ಯಾಂಪುಗಳಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡುವ ಹಾಗಿಲ್ಲ. ನಿಯಮ ಇಲ್ಲದಿದ್ದರೂ ಮಲಗಿರುವಾಗ ಜನರೇಟರ್ ಓಡಿಸುವುದು ಕಾರ್ಬನ್ ಮಾನಾಕ್ಸೈಡ್ ಜೊತೆ ಆಟ ಆಡಿದ ಹಾಗೆ.

ಹಾಗಾಗಿ ಸಿಪ್ಯಾಪನ್ನು ಆರ್‌ವಿಯ ಬ್ಯಾಟರಿಯಿಂದ ಪೂರ್ತಿ ಬೇರೆ ಮಾಡಿದೆವು. 500 ವ್ಯಾಟ್-ಅವರ್ ಇರುವ ಒಂದು ಲಿಥಿಯಂ ಪವರ್ ಸ್ಟೇಷನ್, ಅಂದರೆ ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ದೊಡ್ಡ ಬ್ಯಾಟರಿ, ಅಮ್ಮನಿಗೆ ಮಾತ್ರ. ಮಕ್ಕಳ ಟ್ಯಾಬ್ಲೆಟ್ ಅದಕ್ಕೆ ಚುಚ್ಚುವಂತಿಲ್ಲ ಅಂತ ಮೊದಲೇ ತಾಕೀತು. ಮನೆಯಲ್ಲಿ ಅವರ ಹತ್ತಿರ ಅಂಥದ್ದೊಂದು ಇತ್ತು ಕೂಡ. ಆದರೆ ವಿಮಾನದಲ್ಲಿ ತರುವ ಹಾಗಿಲ್ಲ: ಪ್ರಯಾಣಿಕರು 100 ವ್ಯಾಟ್-ಅವರ್‌ವರೆಗಿನ ಲಿಥಿಯಂ ಬ್ಯಾಟರಿ ಕೈಚೀಲದಲ್ಲಿ ಒಯ್ಯಬಹುದು, 160ರವರೆಗೆ ಏರ್‌ಲೈನ್ ಒಪ್ಪಿದರೆ ಉಂಟು, ಅದಕ್ಕಿಂತ ದೊಡ್ಡದು ಇಲ್ಲವೇ ಇಲ್ಲ. ಏರ್‌ಪೋರ್ಟಿನಲ್ಲಿ ಗೊತ್ತಾಗಿದ್ದರೆ ಅಲ್ಲೇ ಬಿಟ್ಟು ಹೋಗಬೇಕಿತ್ತು. ಒರ್ಲ್ಯಾಂಡೊದ ಅಂಗಡಿಯೊಂದರಲ್ಲಿ ಹೊಸದನ್ನು ಆರ್ಡರ್ ಹಾಕಿಟ್ಟು, ಆರ್‌ವಿ ತೆಗೆದುಕೊಂಡ ಮೇಲೆ ಎತ್ತಿಕೊಂಡು ಹೋಗುವುದು ಅಂತಾಯಿತು. ಯಂತ್ರಕ್ಕೆ ನೇರ ಡಿಸಿ ಅಡಾಪ್ಟರ್ ಕೂಡ ತರಿಸಿದರು, ಡಿಸಿಯನ್ನು ಎಸಿ ಮಾಡಿ ಮತ್ತೆ ಡಿಸಿ ಮಾಡುವ ನಷ್ಟ ಉಳಿಯಿತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಯಾಕಂದರೆ ಬಾಡಿಗೆ ಆರ್‌ವಿ ಮೊದಲ ಸಲ ತೆಗೆದುಕೊಳ್ಳುವವರು ಇದರಲ್ಲೇ ಬೀಳುತ್ತಾರೆ. ಗೋಡೆಯಲ್ಲಿ ಪ್ಲಗ್ ಪಾಯಿಂಟ್ ಇದೆ ಅಂದ ಮಾತ್ರಕ್ಕೆ ಅದರಲ್ಲಿ ಕರೆಂಟು ಇರಬೇಕು ಅಂತಿಲ್ಲ. ಹೊರಗಿನ ಕರೆಂಟಿಗೆ ಚುಚ್ಚಿದ್ದರೆ, ಇಲ್ಲಾ ಜನರೇಟರ್ ಓಡುತ್ತಿದ್ದರೆ ಮಾತ್ರ ಆ ಪಾಯಿಂಟುಗಳು ಕೆಲಸ ಮಾಡುತ್ತವೆ. ಇನ್ವರ್ಟರ್ ಇದೆಯಾ, ಇದ್ದರೆ ಯಾವ ಪಾಯಿಂಟಿಗೆ ಅಂತ ಬುಕ್ ಮಾಡುವಾಗಲೇ ಕೇಳಿ. ಇವರ ಗಾಡಿಯಲ್ಲಿ ಇರಲಿಲ್ಲ.

ಇದೇ ಲೆಕ್ಕ ಯಾವ ತಿಂಗಳು ಹೋಗಬೇಕು ಅನ್ನುವುದನ್ನೂ ಹೇಳಿಬಿಡುತ್ತದೆ. ಛಾವಣಿಯ ಎಸಿ ಒಂದೂವರೆ ಸಾವಿರ ವ್ಯಾಟಿನ ಹತ್ತಿರ ಎಳೆಯುತ್ತದೆ. 30 ಆಂಪಿನ ಹುಕಪ್ ಅಂದರೆ 120 ವೋಲ್ಟಿಗೆ 3,600 ವ್ಯಾಟ್, ಅಲ್ಲಿ ಎಸಿ ಹಾಕಬಹುದು, ಆದರೆ ಅದರ ಜೊತೆಗೇ ಮೈಕ್ರೋವೇವೂ ಹೇರ್ ಡ್ರೈಯರೂ ಹಾಕಿದರೆ ಬ್ರೇಕರ್ ಬೀಳುತ್ತದೆ. ಹುಕಪ್ ಇಲ್ಲದ ಕಡೆ ರಾತ್ರಿ ಎಸಿಯ ಮಾತೇ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಕಾಡಿನಲ್ಲಿ ರಾತ್ರಿಯೂ ಬೆವರು ಹರಿಯುತ್ತದೆ, ಮಧ್ಯಾಹ್ನ ಆದರೆ ಗುಡುಗು ಮಳೆ, ಜೊತೆಗೆ ಸೊಳ್ಳೆ. ವಯಸ್ಸಾದವರನ್ನು ಕರೆದುಕೊಂಡು ಜೂನಿಪರಿಗೆ ಹೋಗುವುದಾದರೆ ಚಳಿಗಾಲ ಮಾತ್ರ.

ಮೊದಲು ಹುಕಪ್, ಆಮೇಲೆ ಕಾಡು

ಗಂಡ ಹೆಂಡತಿ ಇಬ್ಬರ ಆಸೆಯನ್ನೂ ಎರಡೆರಡು ರಾತ್ರಿಯಾಗಿ ಹಂಚಿದ್ದಾಯಿತು. ಹಂಚುವುದು ಸುಲಭ. ಯಾವುದು ಮೊದಲು ಅನ್ನೋದರಲ್ಲೇ ಇರೋದು ವಿಷಯ.

ಫೆಬ್ರುವರಿಯ ಮೂರನೇ ಸೋಮವಾರ ಪ್ರೆಸಿಡೆಂಟ್ಸ್ ಡೇ, ರಜೆ. ಶನಿವಾರ, ಭಾನುವಾರ ಎಲ್ಲಾ ಕ್ಯಾಂಪೂ ತುಂಬಿ ತುಳುಕುತ್ತದೆ. ಸೋಮವಾರ ಮಧ್ಯಾಹ್ನಕ್ಕೆ ಜನ ಗಂಟು ಮೂಟೆ ಕಟ್ಟುತ್ತಾರೆ. ಹಾಗಾಗಿ ಗದ್ದಲದ ಎರಡು ರಾತ್ರಿ ಸಾಲ್ಟ್ ಸ್ಪ್ರಿಂಗ್ಸ್‌ನಲ್ಲಿ, ಹೇಗಿದ್ದರೂ ಅಲ್ಲಿ ಸುತ್ತ ಆರ್‌ವಿಗಳೇ. ಸೋಮವಾರ ಮತ್ತು ಮಂಗಳವಾರದ ರಾತ್ರಿ ಜೂನಿಪರ್‌ನಲ್ಲಿ. ಬುಧವಾರ ವಾಪಸ್.

ಇನ್ನೊಂದು ಕಾರಣ ಗಾಡಿ ಕೈಗೆ ಸಿಗುವ ಹೊತ್ತು. ಬಾಡಿಗೆಯವರು ಗಾಡಿ ಕೊಡುವುದೇ ಮಧ್ಯಾಹ್ನದ ಮೇಲೆ. ಅದು ಹೇಗೆ, ಇದು ಹೇಗೆ ಅಂತ ತೋರಿಸೋಕೆ ಒಂದು ತಾಸು, ದಿನಸಿಗೆ ಒಂದು ತಾಸು, ಆ ಬ್ಯಾಟರಿ ಎತ್ತಿಕೊಳ್ಳೋದು ಬೇರೆ, ಆಮೇಲೆ ಎರಡು ತಾಸಿನ ದಾರಿ. ಆ ಹೊತ್ತಿಗೆ ಕತ್ತಲೆ. ಜೀವನದಲ್ಲಿ ಮೊದಲ ಸಲ 25 ಅಡಿ ಗಾಡಿಯನ್ನು ಕತ್ತಲಲ್ಲಿ, ಮರಗಳ ನಡುವೆ, ಹಿಂದಕ್ಕೆ ತೆಗೆದುಕೊಂಡು ನಿಲ್ಲಿಸುವ ಜಾಗ ಜೂನಿಪರ್ ಅಲ್ಲ. ಸಾಲ್ಟ್ ಸ್ಪ್ರಿಂಗ್ಸ್‌ನಲ್ಲಿ ಜಾಗ ಅಗಲ, ಅಕ್ಕಪಕ್ಕದಲ್ಲಿ ಅನುಭವಿಗಳು, ಕೇಳದಿದ್ದರೂ ಬಂದು ಕೈ ಸನ್ನೆ ಮಾಡುತ್ತಾರೆ.

ಮೂರನೆಯದು, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು: ಹುಕಪ್ ಇರುವ ಕಡೆಯಿಂದ ಹೊರಟರೆ ಎರಡೂ ಬ್ಯಾಟರಿ ತುಂಬಿರುತ್ತದೆ, ನೀರು ತುಂಬಿರುತ್ತದೆ, ಕೊಳಚೆ ಟ್ಯಾಂಕು ಖಾಲಿ ಇರುತ್ತದೆ. ಹುಕಪ್ ಇಲ್ಲದ ಎರಡು ರಾತ್ರಿಗೆ ಬೇಕಾಗಿರುವುದು ಇಷ್ಟೇ. ತಿರುಗಾ ಮುರುಗಾ ಮಾಡಿದ್ದರೆ ಬಾಡಿಗೆ ಅಂಗಳದಲ್ಲಿ ಎಷ್ಟು ದಿನದಿಂದ ನಿಂತಿತ್ತೋ ಗೊತ್ತಿಲ್ಲದ ಬ್ಯಾಟರಿಯನ್ನು ನಂಬಿಕೊಂಡು ಮೊದಲ ರಾತ್ರಿಯೇ ಕಾಡಿಗೆ ಇಳಿಯಬೇಕಿತ್ತು.

ಬುಕಿಂಗ್ ಆರು ತಿಂಗಳು ಮುಂಚೆ ತೆರೆಯುತ್ತದೆ, ಅಂದರೆ ಆಗಸ್ಟ್‌ನಲ್ಲೇ. ಚಳಿಗಾಲ ಪೂರ್ತಿ ಫ್ಲೋರಿಡಾಕ್ಕೆ ಇಳಿದು ಬರುವ ಉತ್ತರದ ಹಿರಿಯರ ದಂಡೇ ಇದೆ, ಅವರ ಜೊತೆ ಪೈಪೋಟಿ ಅಂದರೆ ಸುಮ್ನೆ ಅಲ್ಲ. ಅಮ್ಮನಿಗೆ 62 ದಾಟಿದೆಯಲ್ಲ, ಸೀನಿಯರ್ ಪಾಸ್‌ನಲ್ಲಿ ರಿಯಾಯಿತಿ ಸಿಗುತ್ತದಾ ಅಂತ ಸ್ನೇಹಿತ ಕೇಳಿದ. ಅದು ಅಮೆರಿಕದ ಪ್ರಜೆಗಳಿಗೆ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ, ವಿಸಿಟರ್ ವೀಸಾದಲ್ಲಿ ಬಂದವರಿಗಿಲ್ಲ.

ಗಾಡಿಯ ಬಗ್ಗೆ ಜಾಸ್ತಿ ಬರೆಯಲ್ಲ. ಡ್ರೈವರ್ ಸೀಟಿನ ಮೇಲೆ ಗೂಡಿನಂಥ ಮಂಚ ಇರುವ ಕ್ಲಾಸ್ ಸಿ. ಐದು ಜನಕ್ಕೆ ಐದು ಸೀಟ್ ಬೆಲ್ಟ್ ಇದೆಯಾ ಅಂತ ನೋಡಬೇಕು, ‘ಆರು ಜನ ಮಲಗಬಹುದು’ ಅನ್ನುವುದು ಬೇರೆ, ಆರು ಜನ ಬೆಲ್ಟ್ ಹಾಕಿಕೊಂಡು ಕೂರಬಹುದು ಅನ್ನುವುದು ಬೇರೆ. ಮಕ್ಕಳು ಮೇಲಿನ ಗೂಡಿಗೆ. ಹಿಂದಿನ ದೊಡ್ಡ ಮಂಚ ಗಂಡ ಹೆಂಡತಿಗೆ ಅಂತ ಮೊದಲ ಪ್ಲಾನ್. ಅದನ್ನು ಅಮ್ಮನಿಗೆ ಕೊಡಿಸಿದೆ: ಹತ್ತಿ ಇಳಿಯೋದು ಸುಲಭ, ಟಾಯ್ಲೆಟ್ ಪಕ್ಕದಲ್ಲೇ, ತಲೆಯ ಹತ್ತಿರ ಯಂತ್ರ ಮತ್ತು ಪವರ್ ಸ್ಟೇಷನ್ ಇಡಲು ಕಟ್ಟೆ ಇದೆ. ಗಂಡ ಹೆಂಡತಿ ಊಟದ ಮೇಜನ್ನು ಇಳಿಸಿ ಮಾಡುವ ಮಂಚದಲ್ಲಿ. ಬೆನ್ನಿಗೆ ಅಷ್ಟು ಒಳ್ಳೆಯದಲ್ಲ, ನಾಲ್ಕು ರಾತ್ರಿ ತಾನೆ.

ನೀರು ಮತ್ತು ಕೊಳಚೆ

ಗಾಡಿಯಲ್ಲಿ ಮೂರು ಟ್ಯಾಂಕು. ಒಳ್ಳೆ ನೀರಿನದು 40 ಗ್ಯಾಲನ್, ಸುಮಾರು 150 ಲೀಟರ್. ಪಾತ್ರೆ ತೊಳೆದ ನೀರು, ಸ್ನಾನದ ನೀರು ಹೋಗುವ ಗ್ರೇ ಟ್ಯಾಂಕು 30 ಗ್ಯಾಲನ್. ಟಾಯ್ಲೆಟ್ಟಿನ ಬ್ಲ್ಯಾಕ್ ಟ್ಯಾಂಕು ಅಷ್ಟೇ. ಐದು ಜನಕ್ಕೆ 150 ಲೀಟರ್ ನೀರು ಎಲ್ಲಿ ಸಾಕಾಗುತ್ತದೆ ಅಂತ ಎಲ್ಲರೂ ಒಳ್ಳೆ ನೀರಿನ ಬಗ್ಗೆಯೇ ಯೋಚನೆ ಮಾಡುತ್ತಾರೆ. ಕ್ಯಾಂಪಿನಲ್ಲಿ ನಲ್ಲಿ ಇದೆ, ಕ್ಯಾನ್ ಹಿಡಿದು ತಂದು ಸುರಿಯಬಹುದು. ಮೊದಲು ಕೈ ಕೊಡುವುದು ಗ್ರೇ ಟ್ಯಾಂಕು. ಆರ್‌ವಿಯ ಶವರ್ ನಿಮಿಷಕ್ಕೆ ಒಂದೂವರೆಯಿಂದ ಎರಡು ಗ್ಯಾಲನ್ ಸುರಿಯುತ್ತದೆ. ಒಬ್ಬೊಬ್ಬರು ನಾಲ್ಕು ನಿಮಿಷ ನಿಂತರೂ ಐದು ಜನಕ್ಕೆ 30 ಗ್ಯಾಲನ್ ಮುಗಿಯಿತು, ಒಂದೇ ಹೊತ್ತಿನಲ್ಲಿ! ಆಮೇಲೆ ಶವರಿನ ಜಾಲರಿಯಿಂದ ಕೊಳಚೆ ಮೇಲೆ ಉಕ್ಕುತ್ತದೆ. ಅದಕ್ಕೇ ಜೂನಿಪರಿನಲ್ಲಿ ಸ್ನಾನ ಎಲ್ಲರಿಗೂ ಕ್ಯಾಂಪಿನ ಸ್ನಾನದ ಮನೆಯಲ್ಲೇ, ಪಾತ್ರೆಗೆ ಒಂದು ಬೋಗುಣಿ. ಆರ್‌ವಿಯ ಟಾಯ್ಲೆಟ್ಟು ಅಮ್ಮನಿಗೆ ಯಾವಾಗಲೂ, ಉಳಿದವರಿಗೆ ರಾತ್ರಿ ಮಾತ್ರ.

ಫುಲ್ ಹುಕಪ್ಪಿನಲ್ಲಿ ಬ್ಲ್ಯಾಕ್ ಟ್ಯಾಂಕಿನ ವಾಲ್ವನ್ನು ತೆಗೆದೇ ಇಡಬಾರದು. ತೆಗೆದಿಟ್ಟರೆ ನೀರು ಹರಿದು ಹೋಗಿ ಗಟ್ಟಿ ಮಾತ್ರ ಕೆಳಗೆ ಕೂತು ಗುಡ್ಡೆಯಾಗುತ್ತದೆ, ಅದನ್ನು ತೆಗೆಸುವ ಖರ್ಚು ಬಾಡಿಗೆಯವರು ನಿಮ್ಮ ತಲೆಗೇ ಕಟ್ಟುತ್ತಾರೆ. ಮುಚ್ಚಿಟ್ಟು, ಹೊರಡುವ ದಿನ ಮೊದಲು ಬ್ಲ್ಯಾಕ್ ಬಿಟ್ಟು, ಆಮೇಲೆ ಗ್ರೇ ಬಿಡಿ. ಸೋಪಿನ ನೀರು ಪೈಪನ್ನು ತೊಳೆದುಕೊಂಡು ಹೋಗುತ್ತದೆ.

ತುಂಬಿದ 150 ಲೀಟರ್ ಅಂದರೆ 150 ಕಿಲೋ ಭಾರ. ಒರ್ಲ್ಯಾಂಡೊದಿಂದ ಅದನ್ನು ಹೊತ್ತುಕೊಂಡು ಬರುವುದು ದಂಡ. ಸಾಲ್ಟ್ ಸ್ಪ್ರಿಂಗ್ಸ್‌ನಿಂದ ಹೊರಡುವಾಗ ತುಂಬಿಸಿದರೆ ಜೂನಿಪರಿಗೆ ಅರ್ಧ ತಾಸಿನ ದಾರಿ, 19ನೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಬಂದು 40ರಲ್ಲಿ ಪಶ್ಚಿಮಕ್ಕೆ ತಿರುಗಿಕೊಂಡರೆ ಆಯಿತು. ಡಾಂಬರು ಬಿಟ್ಟು ಇಳಿಯಬೇಡಿ ಅಂತ ಗಟ್ಟಿಯಾಗಿ ಹೇಳಿದ್ದೆ. ಕಾಡಿನ ಒಳದಾರಿಗಳಲ್ಲಿ ಸಕ್ಕರೆಯಂಥ ಸಡಿಲ ಮರಳು, ಭಾರದ ಗಾಡಿ ಇಳಿದರೆ ಹೂತುಕೊಳ್ಳುತ್ತದೆ, ಮೊಬೈಲ್ ಸಿಗ್ನಲ್ ಅಲ್ಲಲ್ಲಿ ಮಾತ್ರ. ಬಾಡಿಗೆ ಕರಾರಿನಲ್ಲೂ ಮಣ್ಣುದಾರಿ ಬೇಡ ಅಂತ ಇತ್ತು.

ಗಾಡಿ ಒಂದೇ ಅನ್ನುವುದೂ ನೆನಪಿರಲಿ. ಹಾಲು ತರಬೇಕು ಅಂದರೆ ಇಡೀ ಮನೆಯನ್ನೇ ಎತ್ತಿಕೊಂಡು ಹೋಗಬೇಕು. ಕ್ಯಾಂಪಿನಿಂದ ನಡೆದು ತಲುಪುವ ಜಾಗಗಳೇ ನಿಮ್ಮ ಪ್ರವಾಸ. ಎರಡೂ ಕ್ಯಾಂಪಿನಲ್ಲಿ ಬುಗ್ಗೆ ನಡೆಯುವ ದೂರದಲ್ಲೇ ಇದ್ದದ್ದರಿಂದ ಇದು ಸಮಸ್ಯೆ ಆಗಲಿಲ್ಲ.

ಪ್ರಶಾಂತ ಅಂದರೆ ಎಷ್ಟು ಪ್ರಶಾಂತ?

ಇದನ್ನು ಯಾರೂ ಹೇಳುವುದಿಲ್ಲ ಅಂತ ನಾನು ಹೇಳಿಬಿಟ್ಟೆ. ಒಕಾಲಾ ಕಾಡಿನ ಒಳಗೇ ಪೈನ್‌ಕ್ಯಾಸಲ್ ಅಂತ ಅಮೆರಿಕದ ನೌಕಾಪಡೆಯ ಬಾಂಬಿಂಗ್ ರೇಂಜ್ ಇದೆ. ವಿಮಾನಗಳು ಬಂದು ಬಾಂಬು ಹಾಕಿ ಅಭ್ಯಾಸ ಮಾಡುತ್ತವೆ, ಕೆಲವು ಸಲ ನಿಜವಾದ ಬಾಂಬೇ. ಅಭ್ಯಾಸದ ದಿನಗಳನ್ನು ಮುಂಚೆಯೇ ಪ್ರಕಟಿಸುತ್ತಾರೆ. ಸ್ನೇಹಿತ ನಂಬಲಿಲ್ಲ. ‘ನ್ಯಾಷನಲ್ ಫಾರೆಸ್ಟ್ ಒಳಗಾ?’ ಅಂದ. ಹೌದು, ಒಳಗೇ. ಇದರ ಜೊತೆ ಕಾಡಿನಲ್ಲಿ ಮೋಟರ್ ಗಾಡಿಗಳ ಮರಳುದಾರಿಗಳಿವೆ, ವಾರಾಂತ್ಯದಲ್ಲಿ ಅವುಗಳ ಗುಂಯ್ ಸದ್ದು ದೂರದಿಂದ ಬರುತ್ತದೆ. ಚಳಿಗಾಲದ ಕೊನೆಗೆ ಅರಣ್ಯ ಇಲಾಖೆಯವರೇ ಬೇಕಂತಲೇ ಹಚ್ಚುವ ಬೆಂಕಿ ಇನ್ನೊಂದು. ಉದ್ದೆಲೆ ಪೈನ್ ಕಾಡು ಆರೋಗ್ಯವಾಗಿರಬೇಕಾದರೆ ಆಗಾಗ ನೆಲದ ಬೆಂಕಿ ಬೇಕು, ಹಾಗಾಗಿ ಸುಡುತ್ತಾರೆ. ಉಸಿರಾಟದ ಯಂತ್ರ ಹಾಕಿಕೊಂಡು ಮಲಗುವವರು ಇದ್ದಾರೆ ಅಂದಮೇಲೆ ಹೊಗೆ ಯಾವ ಕಡೆ ಅಂತ ಹೊರಡುವ ಮುಂಚೆ ಅರಣ್ಯ ಕಚೇರಿಗೆ ಒಂದು ಫೋನ್ ಮಾಡಲೇಬೇಕು. ಮಾಡಿದರು. ಹತ್ತಿರದಲ್ಲಿ ಇರಲಿಲ್ಲ.

ಕರಡಿ ಇದೆ. ಫ್ಲೋರಿಡಾದ ಕಪ್ಪು ಕರಡಿಗಳು ಜಾಸ್ತಿ ಇರುವ ಕಾಡುಗಳಲ್ಲಿ ಇದೂ ಒಂದು. ತಿನ್ನುವ ವಸ್ತು, ಎಣ್ಣೆ, ಟೂತ್‌ಪೇಸ್ಟ್, ಕಸ ಯಾವುದನ್ನೂ ಹೊರಗೆ ಬಿಡುವಂತಿಲ್ಲ, ಅದಕ್ಕೆ ಆದೇಶವೇ ಇದೆ. ಗಟ್ಟಿ ಗೋಡೆಯ ಆರ್‌ವಿಯಲ್ಲಿ ಇದು ಸುಲಭ, ಒಳಗೆ ಇಟ್ಟು ಬಾಗಿಲು ಹಾಕಿದರೆ ಆಯಿತು. ಮೊಸಳೆ ಜಾತಿಯ ಅಲಿಗೇಟರ್ ನೀರಿರುವ ಕಡೆಯೆಲ್ಲ ಇರಬಹುದು ಅಂತಲೇ ಅಂದುಕೊಳ್ಳಿ. ಈಜಿಗೆ ಅಂತ ಬಿಟ್ಟಿರುವ ಜಾಗದಲ್ಲಿ, ಹಗಲಲ್ಲಿ ಮಾತ್ರ ಇಳಿಯಿರಿ.

ಆದದ್ದು

ಶನಿವಾರ ನಿರೀಕ್ಷೆಯಂತೆ ಕತ್ತಲಾಗಿಯೇ ತಲುಪಿದರು. ಪಕ್ಕದ ಜಾಗದ ಮುದುಕರೊಬ್ಬರು ಟಾರ್ಚ್ ಹಿಡಿದು ನಿಲ್ಲಿಸಿಕೊಟ್ಟರಂತೆ. ಎರಡು ರಾತ್ರಿ ಕರೆಂಟು ಧಾರಾಳ, ಅಮ್ಮ ಹ್ಯುಮಿಡಿಫೈಯರ್ ಹಾಕಿಕೊಂಡೇ ಮಲಗಿದರು. ಸುತ್ತಲೂ ಹೀಟರ್‌ಗಳ ಸದ್ದು, ಟಿವಿ ಸದ್ದು. ಸ್ನೇಹಿತನಿಗೆ ಅಸಮಾಧಾನ, ಇದಕ್ಕೆ ಇಲ್ಲಿಯವರೆಗೆ ಬರಬೇಕಾ ಅಂತ ಮೆಸೇಜು ಹಾಕಿದ. ಹೆಂಡತಿ ಮಾತ್ರ ಗಾಡಿಯ ಒಂದೊಂದು ಸ್ವಿಚ್ಚನ್ನೂ ಆ ಎರಡು ದಿನದಲ್ಲಿ ಕಲಿತುಕೊಂಡಳು, ಅದು ಮುಂದೆ ಉಪಯೋಗಕ್ಕೆ ಬಂತು.

ಸೋಮವಾರ ಮಧ್ಯಾಹ್ನ ಜೂನಿಪರ್. ಅರ್ಧ ಕ್ಯಾಂಪು ಖಾಲಿ. ಆ ರಾತ್ರಿಯೇ ಚಳಿ ನಾಲ್ಕು ಡಿಗ್ರಿಯವರೆಗೆ ಇಳಿಯಿತು. ಥರ್ಮೋಸ್ಟಾಟ್ ಕಮ್ಮಿ ಇಟ್ಟು ಎಲ್ಲರೂ ಎರಡೆರಡು ರಗ್ಗು ಹೊದ್ದಿದ್ದರೂ ಫರ್ನೇಸ್ ಆಗಾಗ ಓಡುತ್ತಲೇ ಇತ್ತು. ಬೆಳಿಗ್ಗೆ ಗಾಡಿಯ ಬ್ಯಾಟರಿ 12.1 ವೋಲ್ಟ್ ತೋರಿಸುತ್ತಿತ್ತು. ತುಂಬಿದ ಬ್ಯಾಟರಿ 12.6ರ ಮೇಲಿರುತ್ತದೆ, 12.1 ಅಂದರೆ ಅರ್ಧಕ್ಕೆ ಬಂದು ನಿಂತಿದೆ. ಸಿಪ್ಯಾಪೂ ಅದರ ಮೇಲೇ ಇದ್ದಿದ್ದರೆ ಏನಾಗುತ್ತಿತ್ತು ಅಂತ ಆಗ ಅವನಿಗೆ ಅರ್ಥವಾಯಿತು. ಅಮ್ಮನ ಪವರ್ ಸ್ಟೇಷನ್‌ನಲ್ಲಿ ಇನ್ನೂ ಅರ್ಧದ ಹತ್ತಿರ ಉಳಿದಿತ್ತು. ಅಮ್ಮ ಎದ್ದಾಗ ಎಂಟಾಗಿತ್ತು.

ತಿಂಡಿ ಆದ ಮೇಲೆ ಎರಡು ತಾಸು ಜನರೇಟರ್ ಹಾಕಿ ಎರಡನ್ನೂ ಚಾರ್ಜ್ ಮಾಡಿಕೊಂಡರು. ಆ ಹೊತ್ತಿನಲ್ಲೇ ದೂರದಿಂದ ದಡ್ ದಡ್ ಅಂತ ಸದ್ದು. ಅಮ್ಮ ‘ಇಷ್ಟು ಬಿಸಿಲಲ್ಲಿ ಗುಡುಗಾ?’ ಅಂದರಂತೆ. ಮೊಮ್ಮಗ ಬಾಂಬು ಅಂತ ಬಿಡಿಸಿ ಹೇಳಿದ ಮೇಲೆ ಸ್ವಲ್ಪ ಹೊತ್ತು ಗಾಡಿಯೊಳಗೇ ಕೂತಿದ್ದರು. ಒಂದು ತಾಸಿಗೆ ನಿಂತಿತು.

ಸ್ನೇಹಿತ, ದೊಡ್ಡ ಮಗ ಕನೂ ಅನ್ನೋ ಕಿರಿದಾದ ದೋಣಿ ತೆಗೆದುಕೊಂಡು ಜೂನಿಪರ್ ತೊರೆಯಲ್ಲಿ ಹೋದರು. ಏಳು ಮೈಲಿ, ನಾಲ್ಕೈದು ತಾಸು, ಕೆಲವು ಕಡೆ ಕೈ ಚಾಚಿದರೆ ಎರಡೂ ದಡ ಸಿಗುವಷ್ಟು ಕಿರಿದು. ಒಮ್ಮೆ ಬಳಸಿ ಎಸೆಯುವ ಬಾಟಲಿ, ಡಬ್ಬಿ ಒಯ್ಯುವ ಹಾಗಿಲ್ಲ, ಹೊರಡುವಲ್ಲೇ ಚೀಲ ನೋಡುತ್ತಾರೆ. ಅದಕ್ಕೆ ಸ್ಟೀಲ್ ಬಾಟಲಿ ತರಲು ಹೇಳಿದ್ದೆ. ಅಮ್ಮ, ಸೊಸೆ, ಚಿಕ್ಕವಳು ಮಿಲ್ ಹೌಸ್ ಪಕ್ಕದಲ್ಲಿ ಕೂತು ಮರಳಿನಿಂದ ನೀರು ಕುದಿಯುವ ಹಾಗೆ ಮೇಲೆ ಬರುವುದನ್ನು ನೋಡುತ್ತಿದ್ದರು. ಮಂಗಳವಾರದ ರಾತ್ರಿ ಚಳಿ ಕಮ್ಮಿಯಾಗಿತ್ತು, ಫರ್ನೇಸ್ ಹೆಚ್ಚು ಓಡಲಿಲ್ಲ, ಗೂಬೆ ಬಿಟ್ಟರೆ ಬೇರೆ ಸದ್ದಿರಲಿಲ್ಲ ಅಂದ.

ಬುಧವಾರ ಜೂನಿಪರಿನ ಡಂಪ್ ಸ್ಟೇಷನ್‌ನಲ್ಲೇ ಟ್ಯಾಂಕು ಖಾಲಿ ಮಾಡಿ ಹೊರಟರು. ಗ್ರೇ ಟ್ಯಾಂಕು ಮುಕ್ಕಾಲು ಆಗಿತ್ತು, ಸ್ನಾನ ಒಳಗೆ ಮಾಡದೇನೇ. ವಾಪಸ್ ಕೊಡುವಾಗ ಜನರೇಟರಿನ ಮೀಟರ್ ನೋಡಿ ತಾಸಿನ ಲೆಕ್ಕದಲ್ಲಿ ಹಣ ಹಿಡಿದುಕೊಂಡರು, ಅದು ಕರಾರಿನಲ್ಲೇ ಇತ್ತು.

ಈಗ ಮುಂದಿನ ವರ್ಷದ ಮಾತು ನಡೆಯುತ್ತಿದೆ. ಹೆಂಡತಿಗೆ ಮತ್ತೆ ಇದೇ ಎರಡು-ಎರಡು ಸಾಕು. ಸ್ನೇಹಿತ ನಾಲ್ಕೂ ರಾತ್ರಿ ಜೂನಿಪರ್ ಅಂತ ಹಟ ಹಿಡಿದಿದ್ದಾನೆ, ಸೋಲಾರ್ ಪ್ಯಾನೆಲ್ ತಂದರೆ ಜನರೇಟರೂ ಬೇಡ ಅನ್ನುತ್ತಾನೆ. ತೆರೆದ ಬಿಸಿಲಿನಲ್ಲಿ 100 ವ್ಯಾಟಿನ ಪ್ಯಾನೆಲ್ ಫೆಬ್ರುವರಿಯಲ್ಲಿ ದಿನಕ್ಕೆ 300–400 ವ್ಯಾಟ್-ಅವರ್ ಕೊಟ್ಟೀತು, ಅಮ್ಮನ ಯಂತ್ರಕ್ಕೆ ಸಾಕು. ಆದರೆ ಜೂನಿಪರಿನ ಕ್ಯಾಂಪಿನ ಮೇಲೆ ಓಕು, ತಾಳೆ ಮರಗಳ ಚಪ್ಪರ. ನೆರಳಿನಲ್ಲಿ ಪ್ಯಾನೆಲ್ಲಿನಿಂದ ಅದರ ಕಾಲು ಭಾಗ ಬಂದರೂ ದೊಡ್ಡದು. ಅದಕ್ಕಿಂತ 1,000 ವ್ಯಾಟ್-ಅವರ್‌ನ ಒಂದು ಬ್ಯಾಟರಿ ಅಲ್ಲೇ ಬಾಡಿಗೆಗೆ ಸಿಗುತ್ತದಾ ವಿಚಾರಿಸು ಅಂದಿದ್ದೇನೆ, ಅದಾದರೆ ಅಮ್ಮನಿಗೆ ಮೂರು ರಾತ್ರಿ ನಡೆಯುತ್ತದೆ. ನಾಲ್ಕನೆಯದಕ್ಕೆ ಹೇಗಿದ್ದರೂ ಒಂದು ಬೆಳಿಗ್ಗೆ ಜನರೇಟರ್ ಹಾಕಬೇಕು, ಇಲ್ಲಾ ಮೊದಲ ರಾತ್ರಿ ಸಾಲ್ಟ್ ಸ್ಪ್ರಿಂಗ್ಸ್‌ನಲ್ಲೇ ಕಳೆಯಬೇಕು. ಅವನು ಇನ್ನೂ ಉತ್ತರ ಕೊಟ್ಟಿಲ್ಲ, ಆಗಸ್ಟ್‌ವರೆಗೆ ಟೈಮಿದೆ.